ತಿದ್ದುವ ಮೇಷ್ಟ್ರು

ನಮ್ಮ ಬೀದಿಯ ಚಿತ್ರಕಲೆ ಮೇಷ್ಟ್ರಿಗೆ ಸೊಟ್ಟ ಗೆರೆ ಕಂಡರೆ ಮೈಯೆಲ್ಲ ಉರಿ. ಹೋಟೆಲಿಗೆ ಹೋದರೂ ಲೋಟಗಳನ್ನು ಸಾಲಾಗಿ ಜೋಡಿಸಿದ ಮೇಲೆಯೇ ಟೀ ಕುಡಿಯುವ ಆಸಾಮಿ. ಈತನ ಬಳಿ ಕಲಿಯುವ ಮಕ್ಕಳೆಲ್ಲ ಸೇರಿ ತಮ್ಮ ಚಿತ್ರಪ್ರದರ್ಶನಕ್ಕೆ ಬೀದಿಯವರನ್ನು ಕರೆಯಲು ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮನೆಮನೆಯ ಬಾಗಿಲು ಬರೆದಿದ್ದರು. ತಮ್ಮ ಬಾಗಿಲು ಕಂಡವರು ಬಂದೇ ಬರುತ್ತಾರೆಂಬ ನಂಬಿಕೆ. ಈ ಮಹಾರಾಯ ಎಲ್ಲವನ್ನೂ ಅಳಿಸಿ, ಅಡಿಪಟ್ಟಿ ಹಿಡಿದು, ಒಂದೇ ಅಚ್ಚಿಗೆ ತಿದ್ದಿಬಿಟ್ಟ. "ಎಲ್ಲೇ ಪುಟ್ಟಿ, ನಮ್ಮ ಬಾಗಿಲು?" ಎಂದು ಹೊಲಿಗೆಯ ಅಜ್ಜಿ ಕೇಳಿದರೆ ಮೊಮ್ಮಗಳ ಕಣ್ಣಲ್ಲಿ ನೀರು. "ಈಗ ನೋಡಿ, ಎಷ್ಟು ನೀಟಾಗಿದೆ!" ಎಂದು ಈತ ಬೀಗಿದ. ನೀಟಂತೆ, ಅದರ ಮನೆ ಹಾಳಾಗ! ಸಿಟ್ಟಿನಲ್ಲಿ ಹಾಳೆ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಅಳಿಸಿದ ಗೆರೆಗಳು ಕಂಡವು. ಯಾರಿಗೂ ತೆರೆಯದ ಮೇಷ್ಟ್ರ ಬಾಗಿಲನ್ನು ಮಕ್ಕಳು ಹಾರುಹೊಡೆದಂತೆ ಬರೆದಿದ್ದರು. ಅಲ್ಲಿ ಮಾತ್ರ ಆತ ಹಾಳೆ ತೂತಾಗುವಷ್ಟು ರಬ್ಬರು ಉಜ್ಜಿದ್ದ.