ನಡುನೀರಿನಲ್ಲಿ ನಿಲ್ಲುವ ಮೋಟಾರು

ಸಿದ್ದಾಪುರದ ಕಡೆ ಕಾವೇರಿ ದಾಟಿಸುವ ದೋಣಿ ನನ್ನ ಗಂಡನದು ಅಂತ ಜನ ಹೇಳುತ್ತಿದ್ದರು. ದೋಣಿ ಎಸ್ಟೇಟಿನ ಬಿಳಿ ದೊರೆಯದು. ಗಂಡನದು ಗಳ ಹಾಕುವ ತೋಳು ಮಾತ್ರ. ಮಳೆಗಾಲದಲ್ಲಿ ಗಳಕ್ಕೆ ಹೊಳೆಯ ತಳ ಸಿಗುವುದಿಲ್ಲ, ಆಚೆ ದಡದ ಆಳುಗಳು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ದೊರೆ ದೋಣಿಯ ಹಿಂದಕ್ಕೆ ಸಿಕ್ಕಿಸುವ ಪೆಟ್ರೋಲ್ ಮೋಟಾರು ತರಿಸಿದ. ಅದನ್ನು ನೋಡಿಕೊಳ್ಳಲು ರೈಟರನ್ನು ಇಟ್ಟ. ರೈಟರು ಆಳುಗಳ ಹಾಜರಿ ಬರೆಯುವವನು. ಮೋಟಾರಿಗೂ ಅವನಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ.

ನಮ್ಮ ಗದ್ದೆ ಆಚೆ ದಡದಲ್ಲಿ. ಅಲ್ಲಿ ಮೊದಲ ಮಳೆಗೇ ನೀರು ನಿಂತು ಸಸಿಮಡಿ ಕೊಳೆಯುತ್ತದೆ ಅಂತ ಈಚೆ ಮನೆ ಪಕ್ಕ ಬಿತ್ತಿದ್ದೆವು. ಕಕ್ಕಡ ತಿಂಗಳ ಮಳೆಯಲ್ಲಿ ನಾಟಿಗೆ ಅಗೆಯ ಸಸಿ ಕಿತ್ತು, ಕಟ್ಟು ಕಟ್ಟಿ ಹೊಳೆ ಹತ್ತಿರ ಪೇರಿಸಿಟ್ಟೆ. ಕಿತ್ತ ಅಗೆ ಯಾರಿಗೂ ಕಾಯುವುದಿಲ್ಲ. ರಾಶಿಯೊಳಗೆ ಬಿಸಿಯಾಗಿ ಹಳದಿಗೆ ತಿರುಗುತ್ತದೆ. ಅದು ಹೋದರೆ ಆ ವರ್ಷದ ಅನ್ನ ಹೋಯಿತು. ಮತ್ತೆ ಬಿತ್ತಲು ಬೀಜವೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಈ ದರಿದ್ರ ಮೋಟಾರು ದಡದಲ್ಲಿ ಚೆನ್ನಾಗಿ ಓಡುತ್ತಿತ್ತು. ನಡುನೀರಿಗೆ ಹೋದರೆ ಕೆಮ್ಮಿ ನಿಲ್ಲುತ್ತಿತ್ತು. ರೈಟರು ಟ್ಯಾಂಕಿನ ಮುಚ್ಚಳ ತೆಗೆದು ಇಣುಕುವನು. "ಪೆಟ್ರೋಲ್ ಇದೆಯಲ್ಲ" ಅನ್ನುವನು. ಮುಚ್ಚಿ ಹಗ್ಗ ಎಳೆದರೆ ಮತ್ತೆ ಓಡುವುದು, ಸ್ವಲ್ಪ ದೂರಕ್ಕೆ ಮತ್ತೆ ಕೆಮ್ಮುವುದು. ಹೀಗೇ ಅವನೂ ನನ್ನ ಗಂಡನೂ ತೇಲಿಕೊಂಡು ಎಲ್ಲೋ ಕೆಳಗೆ ಈಚೆ ದಡಕ್ಕೇ ಬಂದು ಸೇರುತ್ತಿದ್ದರು.

ದಡದಲ್ಲಿ ರೈಟರ ವೈದ್ಯ ಶುರು. ಪೆಟ್ರೋಲಿಗೆ ನೀರು ಬೆರೆತಿದೆ ಅಂತ ಪಂಚೆಯಲ್ಲಿ ಸೋಸಿದ. ಪೈಪು ಕಿತ್ತು ಬಾಯಲ್ಲಿ ಊದಿದ, ಉಗುಳಿದ. ಹಿತ್ತಾಳೆಯದೊಂದು ಭಾಗ ಬಿಚ್ಚಿ ಒರೆಸಿದ.

"ಪೈಪಿನಲ್ಲಿ ಕಸ ಇದೆ."

"ಬೆಳಿಗ್ಗೆ ಅದನ್ನೇ ಊದಿದಿರಲ್ಲ" ಅಂದೆ.

"ಇದು ಬೇರೆ ಕಸ."

"ಸುಮ್ಮನಿರು ಮಾರಾಯ್ತಿ, ಅವರಿಗೆ ಗೊತ್ತು" ಅಂದ ಗಂಡ.

"ಅವರಿಗೆ ಗೊತ್ತಿದ್ದು ನನ್ನ ಅಗೆಗೂ ಗೊತ್ತಾಗಬೇಕಲ್ಲ."

ಮಾರನೆಯ ದಿನ ರಾಶಿಯೊಳಗೆ ಕೈ ಹಾಕಿದರೆ ಹಂಡೆ ಮುಟ್ಟಿದ ಹಾಗೆ ಬಿಸಿ. ಯಾರನ್ನೂ ಕೇಳದೆ ಕಟ್ಟುಗಳನ್ನು ದೋಣಿಗೆ ಎಸೆದು ನಾನೂ ಹತ್ತಿದೆ. ನಡುನೀರಿನಲ್ಲಿ ಮೋಟಾರು ನಿಂತಿತು. ನೀರು ಎಳೆಯುವ ಕಡೆ ಬಂಡೆಗಳು. ರೈಟರು ಮುಚ್ಚಳ ತೆಗೆದು ಇಣುಕಿದ.

"ಪೆಟ್ರೋಲ್ ಇದೆಯಲ್ಲ."

ನನಗೆ ತಲೆ ಕೆಟ್ಟಿತು. "ನೀವು ಇಣುಕಿದಾಗೆಲ್ಲ ಅದು ಓಡುತ್ತದೆ. ಮುಚ್ಚಲೇಬೇಡಿ. ಆಚೆ ಹೋಗುವವರೆಗೆ ಇಣುಕುತ್ತ ಕೂತಿರಿ."

"ಮಳೆ ಬೀಳುತ್ತೆ ಒಳಗೆ."

ತಲೆ ಮೇಲಿದ್ದ ಎಲೆಯ ಗೊರಬೆ ತೆಗೆದು ಟ್ಯಾಂಕಿನ ಮೇಲೆ ಹಿಡಿದೆ. ನಾನು ನೆನೆದೆ. ಮೋಟಾರು ಒಂದು ಸಲವೂ ಕೆಮ್ಮದೆ ಆಚೆ ದಡ ಮುಟ್ಟಿತು.

ಗಂಡ ಆ ಮುಚ್ಚಳ ತೆಗೆದುಕೊಂಡು ಕತ್ತಿಯ ತುದಿಯಿಂದ ಅದರ ನಡುವೆ ಕೆರೆದ. ಕಪ್ಪು ಗಟ್ಟಿಯೊಂದು ಎದ್ದು ಬಂತು. ಹಲಸಿನ ಮೇಣ, ದೋಣಿಯ ಬಿರುಕಿಗೆ ಅವನು ಮೆತ್ತುವಂಥದ್ದು.

"ತೂತು ಇತ್ತು, ಮುಚ್ಚಿದ್ದೆ" ಅಂದ.

"ಅಯ್ಯೋ, ಅದು ಗಾಳಿಗೆ ಬಿಟ್ಟ ತೂತು" ಅಂದ ರೈಟರು. "ಮೇಲಿಂದ ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುವುದು ಹೇಗೆ?"

"ದೋಣಿಯಲ್ಲಿ ತೂತು ಬಿಡಬಾರದಲ್ಲ" ಅಂದ ಗಂಡ. ಹುಟ್ಟಿದಾಗಿನಿಂದ ಕಲಿತದ್ದು ಅದೊಂದೇ.

ಕತ್ತಲಾಗುವವರೆಗೆ ನೆಟ್ಟೆವು. ರಾಶಿಯ ಒಳಗಿದ್ದ ಕಟ್ಟುಗಳು ಹಳದಿಯಾಗಿದ್ದವು, ಎಸೆದೆ. ಗದ್ದೆಯ ಕೆಳಮೂಲೆ ಆ ವರ್ಷ ಬರಿದೇ ಇತ್ತು, ಅಕ್ಕಿ ಬೇಸಿಗೆ ಮುಟ್ಟಲಿಲ್ಲ.

ವಾಪಸು ಬರುವಾಗ ಗಂಡ ಮೆಲ್ಲಗೆ ಅಂದ, "ಅಲ್ಲ, ಜೋರು ಮಳೆ ಬಂದಾಗ ಮಾತ್ರ ಒಂಚೂರು ಮೇಣ..."

ಅವನು ಮೇಣ ತುಂಬಿಟ್ಟುಕೊಂಡಿದ್ದ ತೆಂಗಿನ ಕರಟವನ್ನೇ ತೆಗೆದು ಹೊಳೆಗೆ ಎಸೆದೆ. ಆಮೇಲೆ ಮೆತ್ತಲು ಮೇಣವಿಲ್ಲದೆ ದೋಣಿಯ ತಳ ಒಸರಿದಾಗ ಅದಕ್ಕೂ ನನ್ನನ್ನೇ ಬೈದ.