ಎರಡು ಹೆಸರಿನ ಹೆಂಗಸರಿಗೆ ಒಂದು ನಂಬರು

ಕರೋಶಿಯ ಶೇವಂತಾ ಕಾಂಬಳೆಗೆ ಗಂಡನ ಮನೆಯವರು ಸುಂದರಾ ಎಂದು ಹೆಸರಿಟ್ಟರು. ನಮ್ಮ ಗಡಿ ಸೀಮೆಯಲ್ಲಿ ಇದು ಹೊಸದಲ್ಲ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆದು ತೋರಿಸುತ್ತಾರೆ. ಹುಡುಗಿ ಅಂದಿನಿಂದ ಆ ಹೆಸರಿನವಳು. ಶೇವಂತಾಳನ್ನು ನಿಪ್ಪಾಣಿಯ ಆ ಮನೆಯಲ್ಲಿ "ಸುಂದರಾ" ಎಂದು ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಮೊದಮೊದಲು ಅದು ರೂಢಿಯಿಲ್ಲದ್ದಕ್ಕೆ, ಆಮೇಲೆ ಬೇಕೆಂದೇ.

ಮದುವೆಗೆ ಮೊದಲು ಅವಳು ಚಿಕ್ಕೋಡಿಯಲ್ಲಿ ಟೈಪಿಂಗ್ ಜೂನಿಯರ್ ಪಾಸಾಗಿದ್ದಳು. ಸೀನಿಯರ್ ಪರೀಕ್ಷೆ ಬಂತು. ತಂಬಾಕಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಬೇಡ ಎಂದ. ಅತ್ತೆ, ಹೋದರೆ ಬಾಗಿಲು ತೆಗೆಯುವುದಿಲ್ಲ ಎಂದಳು. ಶೇವಂತಾ ಹೋದಳು, ಪರೀಕ್ಷೆ ಬರೆದಳು, ಸಂಜೆ ನಿಪ್ಪಾಣಿಗೆ ಮರಳಿ ಬಂದಳು. ಅತ್ತೆ ಮಾತಿಗೆ ತಪ್ಪಲಿಲ್ಲ. ಶೇವಂತಾ ಹೊಸ್ತಿಲ ಹೊರಗೆ ನಿಂತು ಬೇಡಿಕೊಳ್ಳಲೂ ಇಲ್ಲ. ಮುಂದಿನ ಬಸ್ಸು ಹಿಡಿದು ಕರೋಶಿಗೆ ಬಂದಳು.

ಅವಳ ಅಪ್ಪ ಭರಮು ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್‌ಮನ್. ರಸ್ತೆಯ ತಗ್ಗು ತುಂಬುವ ಕೆಲಸ. ಮಾತು ಕಡಿಮೆ. ಮಗಳು ಚೀಲ ಇಳಿಸಿದಾಗ ಒಂದೇ ಮಾತು ಕೇಳಿದ.

"ಪೇಪರ್ ಹೆಂಗಾತು?"

"ಚಲೋ ಆತಪಾ."

"ಹಂಗಾದ್ರ ಕೈಕಾಲ ತೊಳಕೊ. ಉಣ್ಣೋಣು."

ಇದು ಎಂಬತ್ತೈದರ ಮಾತು. ಎರಡು ವರ್ಷದ ಮೇಲೆ ಅವಳಿಗೆ ಚಿಕ್ಕೋಡಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬಂದ ರೋಗಿಗೆ ಕೇಸ್ ಪೇಪರ್ ಬರೆದುಕೊಡುವ ಕಿಡಕಿಯಲ್ಲಿ, ಅಂದರೆ ಕೌಂಟರಿನಲ್ಲಿ, ಕೂರುವುದು. ಹೆಸರು, ಗಂಡನ ಹೆಸರು, ಊರು, ವಯಸ್ಸು. ರೋಗಿ ಹಳೆಯ ಕಾಗದ ತಂದಿದ್ದರೆ ಅದರ ಮೇಲೆ ಮುಂದುವರಿಸಬೇಕು, ತರದಿದ್ದರೆ ಹೊಸದು. ಹೆಚ್ಚಿನವರು ತರುತ್ತಿರಲಿಲ್ಲ. ಹಳೆಯ ಕಾಗದಗಳು ಗಂಟು ಗಂಟಾಗಿ ಹಿಂದಿನ ಖೋಲಿ ಸೇರುತ್ತಿದ್ದವು.

ತೊಂಬತ್ತೊಂದರಲ್ಲಿ ಏಕಸಂಬಿಯಿಂದ ಸೋನಾಬಾಯಿ ಎಂಬ ಬಸುರಿ ಹೆಂಗಸು ಹೆರಿಗೆಗೆ ಬಂದಳು. ಅದಕ್ಕೂ ಮೊದಲು ಎರಡು ಸಲ ತಪಾಸಣೆಗೆ ಬಂದಿದ್ದಳು, ಎರಡೂ ಸಲ ಹೊಸ ಕಾಗದ. ಗಂಡು ಕೂಸು ಹುಟ್ಟಿತು. ಆದರೆ ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಪರೀಕ್ಷೆ ಮಾಡಿದರೆ ನೆಗೆಟಿವ್ ರಕ್ತ. ಅಂಥದ್ದು ಊರಲ್ಲಿ ಎಲ್ಲೂ ಇರಲಿಲ್ಲ. ರಕ್ತ ತರಲು ಜೀಪು ಮಿರಜಕ್ಕೆ ಓಡಿತು.

ಮಧ್ಯಾಹ್ನದ ಬಸ್ಸಿಗೆ ಅವಳ ತಾಯಿ ಚನ್ನವ್ವ ಅಲಖನೂರಿನಿಂದ ಬಂದಿಳಿದಳು. ಕಿಡಕಿಯ ಮುಂದೆ ನಿಂತು, "ನಮ್ಮ ಗಿರಿಜಾ ಎಲ್ಲಿ ಅದಾಳ್ರಿ?" ಎಂದು ಕೇಳಿದಳು.

"ಗಿರಿಜಾ ಅನ್ನೋರು ಯಾರೂ ಇಲ್ಲವಾ."

"ಅಯ್ಯ, ಏಕಸಂಬಿಗಿ ಕೊಟ್ಟೇವ್ರಿ. ಅಲ್ಲಿ ಸೋನಾಬಾಯಿ ಅಂತಾರ. ಚೊಚ್ಚಲ ಬಾಣಂತನಾನೂ ಇಲ್ಲೇ ಆಗೇತಿ, ಹೆಸರು ನಾನs ಬರಸಿದ್ನಿ. ರಕ್ತ ಬ್ಯಾರೆ ಥರಾ ಐತಿ, ಜ್ವಾಕಿ ಅಂತ ಆವಾಗ ಡಾಕ್ಟರು ಹೇಳಿದ್ರಲಾ."

ಶೇವಂತಾ ಹಿಂದಿನ ಖೋಲಿಗೆ ಹೋಗಿ ಗಂಟು ಬಿಚ್ಚಿದಳು. ಗಿರಿಜವ್ವ, ಅಲಖನೂರ. ಕೆಂಪು ಶಾಯಿಯಲ್ಲಿ ರಕ್ತದ ಗುಂಪು ಬರೆದು ಅಡಿಗೆರೆ ಎಳೆದಿತ್ತು. ತಪಾಸಣೆಯ ದಿನವೇ ಇದು ಡಾಕ್ಟರ ಕೈಗೆ ಸಿಕ್ಕಿದ್ದರೆ ರಕ್ತ ಮೊದಲೇ ತಂದಿಡಬಹುದಿತ್ತು. ಆಸ್ಪತ್ರೆಗೆ ಇವಳು ಗೊತ್ತಿದ್ದಳು, ಗೊತ್ತಿರಲೂ ಇಲ್ಲ.

ಹೊತ್ತು ಮುಳುಗುವ ಮುಂದೆ ಜೀಪು ಬಂತು. ಸೋನಾಬಾಯಿ ಬದುಕಿದಳು. ಮರುದಿನ ಶೇವಂತಾ ಗಿರಿಜವ್ವನ ಕಾಗದವನ್ನೂ ಸೋನಾಬಾಯಿಯ ಕಾಗದವನ್ನೂ ಮ್ಯಾನೇಜರ್ ಪಾರಿಸ ಅವರ ಮೇಜಿನ ಮೇಲೆ ಇಟ್ಟಳು. ಪಾರಿಸ ಕೆಟ್ಟ ಮನುಷ್ಯನಲ್ಲ. ಆಸ್ಪತ್ರೆಯ ಒಂದು ಬಲ್ಬು ಉರಿಯದಿದ್ದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಕಾಗದ ನೋಡಿದರು, ಕನ್ನಡಕ ತೆಗೆದರು.

"ಬದುಕಿದ್ಲಲ್ಲ ಶೇವಂತಾ. ಮತ್ತೇನ?"

"ಮುಂದಿನಾಕಿ ಬದುಕ್ತಾಳಂತ ಬರಕೊಡ್ತೀರೇನ್ರಿ ಸಾಹೇಬ್ರ?"

ಪಾರಿಸ ಕನ್ನಡಕ ಹಾಕಿಕೊಂಡು ಕಾಗದಗಳನ್ನು ಅವಳ ಕಡೆ ಸರಿಸಿದರು.

ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಹಿಂದಿನ ವರ್ಷ ದಾನವಾಗಿ ಬಂದದ್ದು. ಎ.ಸಿ. ಖೋಲಿ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಚಪ್ಪಲಿ ಹೊರಗೆ. ತಿಂಗಳಿಗೊಮ್ಮೆ ಮಿರಜದಿಂದ ಒಬ್ಬ ಪ್ರೋಗ್ರಾಮರ್ ಬಂದು ಪಗಾರದ ಪಟ್ಟಿ ತೆಗೆದು ಹೋಗುತ್ತಿದ್ದ. ಉಳಿದ ದಿನ ಅದು ಸುಮ್ಮನೆ ಕುಳಿತಿರುತ್ತಿತ್ತು. ಅದರ ಜತೆ ಇಟ್ಟಂಗಿಯಷ್ಟು ದಪ್ಪದ ಒಂದು ಪುಸ್ತಕವೂ ಬಂದಿತ್ತು. ಡೇಟಾಬೇಸ್ ಕಟ್ಟುವುದು ಹೇಗೆ, ಒಂದಕ್ಕೊಂದು ಸಂಬಂಧ ಇರುವ ಮಾಹಿತಿಯನ್ನು ಜೋಡಿಸುವುದು ಹೇಗೆ ಎಂದು ಕಲಿಸುವ ಇಂಗ್ಲಿಷ್ ಮಾರ್ಗದರ್ಶಿ. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಹರಿದಿರಲಿಲ್ಲ.

"ಆ ಪುಸ್ತಕ ನನಗ ಓದಾಕ ಕೊಡ್ರಿ."

"ಅದು ಇಂಜಿನಿಯರ್ ಮಂದಿ ಓದೂದು. ನೀ ಕೇಸ್ ಪೇಪರ್ ಬರಿ."

ಶೇವಂತಾ ಸಾಮಾನುಗಳ ರಜಿಸ್ಟರ್ ತೆಗೆದು, ಅವರೆದುರೇ ಪುಸ್ತಕದ ಹೆಸರು ಬರೆದು ಸಹಿ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಅಡಗಿಸಿ ಒಯ್ಯಬಹುದಿತ್ತು. ಆದರೆ ಅಡಗಿಸುವಂಥದ್ದು ಏನಿದೆ ಎಂಬುದು ಅವಳ ಪ್ರಶ್ನೆ.

ಕರೋಶಿಯ ಬಸ್ಸಿನಲ್ಲಿ ನಿಂತು ಓದಿದಳು, ಒಲೆಯ ಮುಂದೆ ಕೂತು ಓದಿದಳು. ಹತ್ತನೆಯ ಇಯತ್ತೆಯ ಇಂಗ್ಲಿಷ್ ಸಾಕಾಗಲಿಲ್ಲ. ಒಂದು ಡಿಕ್ಷನರಿ ತಂದಳು, ಅದು ಇನ್ನಷ್ಟು ಗೊಂದಲ ಮಾಡಿತು. ಟೇಬಲ್ ಎಂದರೆ ಮೇಜು. ಕೀ ಎಂದರೆ ಕೀಲಿಕೈ. ಫೀಲ್ಡ್ ಎಂದರೆ ಹೊಲ. ಮೇಜಿನ ಮೇಲೆ ಹೊಲ ಇರುತ್ತದೆ, ಹೊಲಕ್ಕೆ ಕೀಲಿಕೈ ಇರುತ್ತದೆ ಎಂದು ಅಪ್ಪನಿಗೆ ಓದಿ ಹೇಳಿದಳು. ಭರಮು ಬೀಡಿ ಕೆಳಗಿಟ್ಟು ಬಹಳ ಹೊತ್ತು ನಕ್ಕ. ಅವನು ನಗುವುದನ್ನು ಓಣಿಯವರು ಅಪರೂಪಕ್ಕೆ ಕೇಳಿದ್ದರು.

ಅರ್ಥವಾಗದ ಪುಟವನ್ನು ಅವಳು ದಾಟಿ ಹೋಗುತ್ತಿರಲಿಲ್ಲ. ಅದನ್ನೇ ಮತ್ತೆ ಓದುತ್ತಿದ್ದಳು, ಯಾರೋ ಜಗಳಕ್ಕೆ ಕರೆದ ಹಾಗೆ. ಪುಸ್ತಕದ ಉದಾಹರಣೆಗಳಲ್ಲಿ ಕೇಳದ ಊರುಗಳ ಗಿರಾಕಿಗಳು ಇದ್ದರು, ಅವರು ಕೊಂಡ ಸಾಮಾನಿತ್ತು. ಅವರ ಹೆಸರನ್ನೆಲ್ಲ ಪೆನ್ಸಿಲಿನಿಂದ ಹೊಡೆದು ಮೇಲೆ ತನಗೆ ಗೊತ್ತಿದ್ದವರ ಹೆಸರು ಬರೆದಳು. ಆಮೇಲೆ ಓದು ಮುಂದೆ ಸರಿಯಿತು.

ಆದರೆ ಓದಿದ್ದನ್ನು ಮಾಡಿ ನೋಡದೆ ಕಲಿತಂತಾಗುವುದಿಲ್ಲ. ಕಂಪ್ಯೂಟರ್ ಖೋಲಿಯ ಕೀಲಿ ಪಾರಿಸ ಅವರ ಬಳಿ. ಇನ್ನೊಂದು ಕೀಲಿ ಹಿರಿಯ ನರ್ಸ್ ತಾರವ್ವನ ಬಳಿ ಇತ್ತು, ಲಸಿಕೆಯ ಫ್ರಿಜ್ಜು ಅದೇ ಖೋಲಿಯಲ್ಲಿ ಇದ್ದುದರಿಂದ. ಸೋನಾಬಾಯಿಯ ಮಗ್ಗುಲಲ್ಲಿ ಅಂದು ಮಧ್ಯಾಹ್ನವಿಡೀ ನಿಂತವಳು ತಾರವ್ವನೇ.

"ಅಕ್ಕಾ, ಊಟದ ವ್ಯಾಳ್ಯಾದಾಗ ನಾ ಅಲ್ಲಿ ಕುಂದರ್ತೀನಿ," ಎಂದಳು ಶೇವಂತಾ.

ತಾರವ್ವ ಕೀಲಿ ಕೊಟ್ಟಳು. "ಕೇಳಿದ್ರ ನಾನs ಕೊಟ್ಟೇನಿ ಅಂತ ಹೇಳು," ಎಂದಳು.

ಮೊದಲ ಸಲ ಶೇವಂತಾ ಎಲ್ಲವನ್ನೂ ಒಂದೇ ಟೇಬಲಿನಲ್ಲಿ, ಅಂದರೆ ಒಂದೇ ಕೋಷ್ಟಕದಲ್ಲಿ, ತುಂಬಿದಳು. ಹೆಸರು, ಊರು, ಮೊದಲನೆಯ ಭೇಟಿ, ಎರಡನೆಯ ಭೇಟಿ, ಮೂರನೆಯದು. ನಾಲ್ಕನೆಯ ಸಲ ಬಂದವಳಿಗೆ ಜಾಗವಿರಲಿಲ್ಲ. ಪುಸ್ತಕ ಇದನ್ನೇ ಬೇಡ ಎಂದಿತ್ತು. ಮತ್ತೆ ಮತ್ತೆ ಆಗುವುದನ್ನು ಬೇರೆ ಟೇಬಲಿನಲ್ಲಿ ಇಡು, ನಂಬರಿನಿಂದ ಎರಡನ್ನೂ ಬೆಸೆ ಎಂದಿತ್ತು. ಹೆಂಗಸು ಒಬ್ಬಳೇ, ಅವಳನ್ನು ಬರೆಯುವುದು ಒಂದೇ ಸಲ. ಬಂದು ಹೋದದ್ದು ಎಷ್ಟು ಸಲವಾದರೂ ಇರಲಿ, ಪ್ರತಿ ಭೇಟಿಯ ಹೆಗಲ ಮೇಲೆ ಅವಳ ನಂಬರು ಇದ್ದರೆ ಸಾಕು.

ಅದು ತಿಳಿದ ದಿನ ಶೇವಂತಾ ಊಟದ ಡಬ್ಬಿ ಬಿಚ್ಚಲಿಲ್ಲ. ಇನ್ನೊಂದು ಮಾತು ಅವಳನ್ನು ಕಾಡುತ್ತಿತ್ತು. ಪುಸ್ತಕ ಹೆಸರನ್ನು ಮನುಷ್ಯರ ಟೇಬಲಿನಲ್ಲೇ ಇಟ್ಟಿತ್ತು. ಒಬ್ಬರಿಗೆ ಒಂದೇ ಹೆಸರು ಎಂದು ಅದನ್ನು ಬರೆದವರು ತಿಳಿದಿದ್ದರು. ಅವರ ತಪ್ಪಲ್ಲ, ಅವರು ನಮ್ಮ ಸೀಮೆಯ ಮದುವೆ ಕಂಡವರಲ್ಲ. ಇಲ್ಲಿ ಹೆಸರೂ ಮತ್ತೆ ಮತ್ತೆ ಆಗುವಂಥದ್ದು. ಹಾಗಾದರೆ ಅದಕ್ಕೂ ಬೇರೆ ಟೇಬಲ್. ತವರಿನ ಹೆಸರು ಒಂದು ಸಾಲು, ಗಂಡನ ಮನೆಯ ಹೆಸರು ಇನ್ನೊಂದು ಸಾಲು, ಎರಡಕ್ಕೂ ಒಂದೇ ನಂಬರು. ಯಾವ ಹೆಸರು ಹೇಳಿಕೊಂಡು ಬಂದರೂ ಅದೇ ಹೆಂಗಸು ಸಿಗಬೇಕು.

ಪಾರಿಸ ಅವರಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಮೆಮೊ ಬಂತು. ಅನುಮತಿಯಿಲ್ಲದೆ ಕಂಪ್ಯೂಟರ್ ಮುಟ್ಟಿದ್ದಕ್ಕೆ ವಿವರಣೆ ಕೊಡಬೇಕು. ಶೇವಂತಾ ಅದರ ಕೆಳಗೇ ಟೈಪ್ ಮಾಡಿದಳು: "ಹೌದು, ಊಟದ ವೇಳೆಯಲ್ಲಿ ಕುಳಿತಿದ್ದೆ. ನಾಳೆಯೂ ಕುಳಿತುಕೊಳ್ಳುವೆನು. ಬೇಡವಾದರೆ ಕಾರಣವನ್ನು ಲಿಖಿತವಾಗಿ ಕೊಡಬೇಕಾಗಿ ವಿನಂತಿ."

ವಿಷಯ ಆಸ್ಪತ್ರೆ ನಡೆಸುವ ಟ್ರಸ್ಟಿನ ಅಧ್ಯಕ್ಷ ಆಬಾಸಾಹೇಬರ ತನಕ ಹೋಯಿತು. ಕಬ್ಬು, ದ್ರಾಕ್ಷಿಯ ದೊಡ್ಡ ಕುಳ. ಆಸ್ಪತ್ರೆಯ ಕಟ್ಟಡ ನಿಂತದ್ದು ಅವರಪ್ಪನ ಜಾಗದಲ್ಲಿ. ಅವರು ಶೇವಂತಾಳನ್ನು ಕರೆಸಿ ನಿಲ್ಲಿಸಿಯೇ ಮಾತಾಡಿದರು.

"ನೀ ಭರಮೂನ ಮಗಳಲ್ಲ? ರಸ್ತೆದಾಗ ಬುಟ್ಟಿ ಹೊರಾವ."

"ಹೌದ್ರಿ. ನಿಮ್ಮ ಮೋಟಾರು ಹೋಗೂ ರಸ್ತೇನs."

ಪಾರಿಸ ಕೆಮ್ಮಿದರು. ಆಬಾಸಾಹೇಬರು ಮಾತು ಬದಲಿಸಿದರು.

"ಮಷೀನ್ ಕೆಟ್ಟು ಹೋದ್ರ?"

"ಕೆಟ್ರ ರಿಪೇರಿ ಮಾಡಸ್ರಿ. ಮುಚ್ಚಿಟ್ರ ಅದು ಈಗs ಕೆಟ್ಟಂಗ ಐತಿ."

"ನಿನ್ನ ಕೆಲಸಾ ಹೋದ್ರ?"

"ಹೋಗ್ಲಿರಿ. ಕಲ್ತದ್ದು ಹೋಗೂದಿಲ್ಲ."

ಬಾಗಿಲಲ್ಲಿ ತಾರವ್ವ ನಿಂತಿದ್ದಳು. ಕೀಲಿ ಕೊಟ್ಟವಳು ತಾನು, ಮೆಮೊ ಕೊಡುವುದಾದರೆ ತನಗೂ ಕೊಡಬೇಕು ಎಂದಳು. ಹೆರಿಗೆ ವಾರ್ಡು ತಾರವ್ವನಿಲ್ಲದೆ ಒಂದು ದಿನ ನಡೆಯದು ಎಂದು ಇಬ್ಬರು ಗಂಡಸರಿಗೂ ಗೊತ್ತಿತ್ತು. ಆಬಾಸಾಹೇಬರು ಅನುಮತಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಶೇವಂತಾಗೆ ಅಷ್ಟು ಸಾಕಾಗಿತ್ತು.

ಅಲ್ಲಿಂದ ಮುಂದೆ ಹಿಂದಿನ ಖೋಲಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಟೈಪ್ ಮಾಡತೊಡಗಿದಳು. ಹೆಂಗಸರು ಕಿಡಕಿಗೆ ಬಂದಾಗ ತವರಿನ ಹೆಸರನ್ನೂ ಕೇಳುತ್ತಿದ್ದಳು. ಕೆಲವರು ಹೇಳಲು ಸಂಕೋಚಪಡುತ್ತಿದ್ದರು, ಕೆಲವರು ಬಹಳ ವರ್ಷದ ಮೇಲೆ ಆ ಹೆಸರು ಬಾಯಿಗೆ ಬಂತು ಎಂದು ನಗುತ್ತಿದ್ದರು. ಒಬ್ಬ ಮುದುಕಿ ತನ್ನದು ಮರೆತೇ ಹೋಗಿದೆ ಎಂದು ಹೇಳಿ, ಊಟವಾದ ಮೇಲೆ ನೆನಪಾಗಿ ಮತ್ತೆ ಬಂದು ಹೇಳಿ ಹೋದಳು.

ಕೆಲಸ ಅರ್ಧಕ್ಕೆ ಬಂದಾಗ ಅನಾಹುತವಾಯಿತು. ರೂಢಿಗೆಂದು ಮಾಡಿಕೊಂಡಿದ್ದ ಸುಳ್ಳು ಟೇಬಲನ್ನು ಖಾಲಿ ಮಾಡಬೇಕಿತ್ತು. ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ಆಜ್ಞೆ ಪುಸ್ತಕದಲ್ಲಿತ್ತು, ಝ್ಯಾಪ್ ಎಂದು. ಅವಳು ಅದನ್ನು ಹೊಡೆದಳು. ಖಾತ್ರಿಯೇ ಎಂದು ಪರದೆ ಕೇಳಿತು, ಹೌದು ಎಂದಳು. ತೆರೆದಿದ್ದದ್ದು ಸುಳ್ಳು ಟೇಬಲ್ ಆಗಿರಲಿಲ್ಲ. ಎಷ್ಟೋ ತಿಂಗಳು ಕೂತು ಸೇರಿಸಿದ ಹೆಂಗಸರೆಲ್ಲ ಹೋಗಿಬಿಟ್ಟರು. ಪರದೆ ಮೇಲೆ ಬರೀ ಕಪ್ಪು.

ಶೇವಂತಾ ಎದ್ದು ನೀರು ಕುಡಿದು, ನೇರವಾಗಿ ಪಾರಿಸ ಅವರ ಬಳಿ ಹೋಗಿ, "ಎಲ್ಲಾ ಅಳಿಸಿ ಹೋತ್ರಿ, ನಾನs ಅಳಿಸಿದ್ದು," ಎಂದಳು.

"ನಾ ಮೊದಲs ಹೇಳಿದ್ನಿಲ್ಲ? ಇನ್ನ ಬಿಡು ಸಾಕು."

"ಬಿಡೂದಿಲ್ರಿ. ಕಾಗದಾ ಅದಾವು, ಕೈ ಅದಾವು. ನಾಳಿಂದ ಮತ್ತ ಚಾಲೂ."

ಅಂದು ಬಸ್ಸಿನಲ್ಲಿ ಅತ್ತಳು. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಮರುದಿನ ಹೇಳಿದಂತೆಯೇ ಚಾಲೂ ಮಾಡಿದಳು. ಈ ಸಲ ಪ್ರತಿ ಸಂಜೆ ಎರಡು ಫ್ಲಾಪಿಗೆ ನಕಲು ತೆಗೆದು, ಒಂದನ್ನು ಆಸ್ಪತ್ರೆಯ ಕಪಾಟಿನಲ್ಲಿ, ಇನ್ನೊಂದನ್ನು ಕರೋಶಿಯ ಮನೆಯಲ್ಲಿ ಇಡುತ್ತಿದ್ದಳು. ಆ ಪಾಠವೂ ಪುಸ್ತಕದಲ್ಲೇ ಇತ್ತು, ಅವಳು ಇನ್ನೂ ತಲುಪದಿದ್ದ ಅಧ್ಯಾಯದಲ್ಲಿ.

ಮಿರಜದ ಪ್ರೋಗ್ರಾಮರ್ ಒಮ್ಮೆ ಬಂದವನು ಅವಳ ಹಿಂದೆ ನಿಂತು ನೋಡಿದ.

"ಬಾಯಾರ, ಹೆಸರು ಬ್ಯಾರೆ ಟೇಬಲ್ ಯಾಕ ಮಾಡೀರಿ? ಹುಡುಕಾಕ ಭಾಳ ಹೊತ್ತ ಹಿಡೀತೈತಿ."

ಅವನ ಮಾತು ನಿಜವಾಗಿತ್ತು. ಒಂದು ಹೆಸರು ಹುಡುಕಲು ಕೊಟ್ಟರೆ ಚಹಾ ಕುಡಿದು ಬರುವಷ್ಟು ಹೊತ್ತು ಮಷೀನು ಗುರುಗುಟ್ಟುತ್ತಿತ್ತು. ಅವಳು ಕಾರಣ ಹೇಳಿದಳು. ಅವನು ಮರಾಠಿಯಲ್ಲಿ, "ಮಾಝ್ಯಾ ಆಈಚೀ ಪಣ ದೋನ ನಾವಂ," ಎಂದ. ನನ್ನ ತಾಯಿಗೂ ಎರಡು ಹೆಸರು ಎಂದು. ಆಮೇಲೆ ಕುರ್ಚಿ ಎಳೆದುಕೊಂಡು, ಇಂಡೆಕ್ಸ್, ಅಂದರೆ ಹೆಸರುಗಳ ಅಕಾರಾದಿ ಸೂಚಿ, ಕಟ್ಟಿದರೆ ಹುಡುಕಾಟ ಹೇಗೆ ಚುರುಕಾಗುತ್ತದೆ ಎಂದು ತೋರಿಸಿಕೊಟ್ಟ. ಪುಸ್ತಕದ ಆ ಭಾಗ ಎಷ್ಟು ಸಲ ಓದಿದರೂ ಅವಳಿಗೆ ಒಂದಕ್ಷರವೂ ತಿಳಿದಿರಲಿಲ್ಲ.

ತೊಂಬತ್ತಮೂರರ ಮಳೆಗಾಲಕ್ಕೆ ಕಿಡಕಿಯ ಕೆಲಸ ಕಂಪ್ಯೂಟರ್ ಮೇಲೆ ಬಂತು. ರಾಯಬಾಗದಿಂದ, ಅಥಣಿಯಿಂದ, ಕಾಗವಾಡದಿಂದ ಬಂದವರು ಯಾವ ಹೆಸರು ಹೇಳಿದರೂ ಹಳೆಯದೆಲ್ಲ ಪರದೆಯ ಮೇಲೆ ಬರುತ್ತಿತ್ತು. ನೆಗೆಟಿವ್ ರಕ್ತದ ಬಸುರಿಯರ ಹೆಸರನ್ನು ಅವಳು ವಾರಕ್ಕೊಮ್ಮೆ ತೆಗೆದು ತಾರವ್ವನ ಕೈಗೆ ಕೊಡುತ್ತಿದ್ದಳು. ತಾರವ್ವ ಅವರಿಗೆ ರಕ್ತ ಮೊದಲೇ ಹೇಳಿಡುತ್ತಿದ್ದಳು. ಜೀಪು ಆಮೇಲೂ ಮಿರಜಕ್ಕೆ ಹೋಗುತ್ತಿತ್ತು, ಆದರೆ ಅವಸರವಿಲ್ಲದೆ. ಆಸ್ಪತ್ರೆ ನೋಡಲು ಬಂದವರನ್ನೆಲ್ಲ ಪಾರಿಸ ಕಂಪ್ಯೂಟರ್ ಖೋಲಿಗೆ ಕರೆತಂದು ತೋರಿಸಲು ಶುರುಮಾಡಿದರು. ಇದು ಆಸ್ಪತ್ರೆಗೆ ಹೊಳೆದ ವಿಚಾರ ಎನ್ನುತ್ತಿದ್ದರು. ಶೇವಂತಾ ಪ್ರತಿ ಸಲ ತಿದ್ದುತ್ತಿದ್ದಳು: "ನನ್ನ ವಿಚಾರ್ರಿ ಸಾಹೇಬ್ರ."

ನಿಪ್ಪಾಣಿಯಿಂದ ಒಮ್ಮೆ ಗಂಡನ ಮನೆಯ ಹಿರಿಯರು ಬಂದರು. ಹುಡುಗಿ ಈಗ ಹೆಸರು ಮಾಡಿದ್ದಾಳಲ್ಲ, ಇನ್ನು ಕರೆದುಕೊಂಡು ಹೋಗುತ್ತೇವೆ ಎಂದರು. ಭರಮು ಅವರಿಗೆ ಚಹಾ ಕೊಟ್ಟ. ಶೇವಂತಾ ಹೊರಗೆ ಬಂದು, "ಯಾರನ್ನ ಕರಕೊಂಡು ಹೊಕ್ಕೀರಿ, ಸುಂದರಾನ? ಆಕಿ ಇಲ್ಲಿ ಇಲ್ಲ," ಎಂದಳು. ಅವರು ಚಹಾ ಕುಡಿದು ಹೋದರು.

ತೊಂಬತ್ತೆಂಟರಲ್ಲಿ ಟ್ರಸ್ಟಿನವರು ಪುಣೆಯಿಂದ ಹೊಸ ಸಾಫ್ಟ್‌ವೇರ್ ತರಿಸಿದರು. ಬಣ್ಣ ಬಣ್ಣದ ಪರದೆ, ಮೌಸು. ಅವಳು ಕಟ್ಟಿದ್ದನ್ನು ತೆಗೆದುಹಾಕುವುದೆಂದು ತೀರ್ಮಾನವಾಯಿತು. ಹೊಸದರಲ್ಲಿ ಒಬ್ಬರಿಗೆ ಒಂದೇ ಹೆಸರು. ಶೇವಂತಾ ಪುಣೆಯವರೆದುರು ಕುಳಿತು, ಎರಡನೆಯ ಹೆಸರಿಗೆ ಜಾಗ ಮಾಡುವ ತನಕ ಹಳೆಯ ಮಾಹಿತಿ ಕೊಡುವುದಿಲ್ಲ ಎಂದಳು. ಆಬಾಸಾಹೇಬರು ಫೋನಿನಲ್ಲಿ ಗದರಿದರು. ತಾರವ್ವ ನಿವೃತ್ತಳಾಗಿದ್ದಳು, ಈ ಸಲ ಬಾಗಿಲಲ್ಲಿ ಯಾರೂ ಇರಲಿಲ್ಲ. ಶೇವಂತಾ ಒಬ್ಬಳೇ ಹಟ ಹಿಡಿದು ಕೂತಳು. ಕೊನೆಗೆ ಪುಣೆಯವರು ಹೆಸರಿನ ವಿಷಯಕ್ಕೆ ಒಪ್ಪಿದರು. ಆದರೆ ಗಂಡನ ಹೆಸರು ತುಂಬದೆ ಮುಂದೆ ಹೋಗದಂತೆ ಪರದೆ ಮಾಡಿದ್ದರು. ಅದನ್ನು ಬದಲಿಸಲು ಆಗುವುದಿಲ್ಲ ಎಂದುಬಿಟ್ಟರು.

ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು, ಮದುವೆಯೇ ಆಗದೆ ದೇವರಿಗೆ ಬಿಡಲ್ಪಟ್ಟವರು ಆ ಕಿಡಕಿಗೆ ದಿನಾ ಬರುತ್ತಿದ್ದರು. ಶೇವಂತಾ ಅವರನ್ನು ಅದೊಂದು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಆರು ತಿಂಗಳ ಮೇಲೆ, ಪಾರಿಸ ಅವರ ಜಾಗಕ್ಕೆ ಬಂದಿದ್ದ ಹೊಸ ಮ್ಯಾನೇಜರ್ ರೋಗಿಗಳ ಪಟ್ಟಿ ಹಿಡಿದು ಬಂದ.

"ಏನ್ ಬಾಯಾರ, ಇಷ್ಟ ಮಂದಿ ಗಂಡನ ಹೆಸರಿನ ಮುಂದ ಬರೇ ಒಂದು ಚುಕ್ಕಿ ಐತಿ?"

"ಏನರ ತುಂಬಿದ ಹೊರತು ಮಷೀನು ಮುಂದ ಬಿಡೂದಿಲ್ರಿ," ಎಂದಳು ಶೇವಂತಾ. "ಅದಕ್ಕ ಚುಕ್ಕಿ ಕೊಟ್ಟೇನಿ."

ಅವನು ಇನ್ನೂ ನಿಂತೇ ಇದ್ದ. ಅವಳು ಕಿಡಕಿಯ ಕಡೆ ತಿರುಗಿ, ಸಾಲಿನಲ್ಲಿದ್ದ ಮುಂದಿನ ಹೆಂಗಸನ್ನು ಕರೆದಳು.