ಮೋನಪ್ಪನ ತೊಟ್ಟಿಲು, ನನ್ನ ತರ್ಕ

ಪಾಳಿ ಕಾಯುವ ವಿದ್ಯೆ ನನಗೆ ಒಲಿದಿಲ್ಲ. ಎದುರಾಳಿಯ ಮಾತು ಮುಗಿಯುವ ಮೊದಲೇ ಅದನ್ನು ಖಂಡಿಸುವುದನ್ನು ಧಾರವಾಡದ ಕಾಲೇಜಿನ ಚರ್ಚಾಕೂಟ ನನಗೆ ಚೆನ್ನಾಗಿ ಕಲಿಸಿದೆ. ನನ್ನ ಮುಂದಿನವನ ಕೆಲಸ ಮುಗಿಯುವತನಕ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಮಾತ್ರ ಅಲ್ಲಿ ಯಾರೂ ಕಲಿಸಲಿಲ್ಲ.

ಹೋದ ದೀಪಾವಳಿಯ ಸೂಟಿಯಲ್ಲಿ ಈ ಕೊರತೆ ಊರ ಮುಂದೆ ಬಯಲಾಯಿತು. ಖಾನಾಪುರದ ಬಡಿಗ ಮೋನಪ್ಪ ಪ್ರತಿ ವರ್ಷದಂತೆ ನಮ್ಮ ಬೆಳಗಾವಿಯ ಶಹಾಪುರದ ಹೊರಗಿನ ಬಯಲಿನಲ್ಲಿ ತನ್ನ ತಿರುಗುತೊಟ್ಟಿಲನ್ನು ನಿಲ್ಲಿಸಿದ್ದ. ಸಾಗುವಾನಿಯ ದೊಡ್ಡ ಗಾಲಿ, ಅದಕ್ಕೆ ನಾಲ್ಕು ತೊಟ್ಟಿಲು, ಒಂದೊಂದರಲ್ಲಿ ಇಬ್ಬರು. ಎಂಜಿನ್ನು ಗಿಂಜಿನ್ನು ಏನೂ ಇಲ್ಲ. ಇಬ್ಬರು ಗಟ್ಟಿಯಾಳುಗಳು ಕೈಯಿಂದಲೇ ತಿರುವುತ್ತಾರೆ.

ನನ್ನ ಸೋದರತ್ತೆ ಗಂಗವ್ವನ ಮನೆಯೂ ಖಾನಾಪುರದಲ್ಲೇ, ಮೋನಪ್ಪನ ಹಿತ್ತಲಿಗೆ ಎದುರಾಗಿ. ಮಳೆಗಾಲದಲ್ಲಿ ಆ ತೊಟ್ಟಿಲು ಕೈಕಾಲು ಬಿಚ್ಚಿಕೊಂಡು ಅದೇ ಹಿತ್ತಲಲ್ಲಿ ಮಲಗಿರುತ್ತದೆ. ಎಷ್ಟೋ ವರ್ಷಗಳಿಂದ ಅತ್ತೆ ಅದನ್ನು ಮಲಗಿದ್ದಾಗಲೇ ಕಂಡಿದ್ದಳು, ಎದ್ದು ನಿಂತಾಗ ಕಂಡಿರಲಿಲ್ಲ. ಒಂದು ವರ್ಷ ಮಗಳ ಮದುವೆ, ಒಂದು ವರ್ಷ ಸೊಸೆಯ ಬಾಣಂತನ, ಇನ್ನೊಂದು ವರ್ಷ ಬೆಳಗಾವಿಯತನಕ ಬಂದೂ ಚಳಿಜ್ವರ. ಈ ಸಲ ನಮ್ಮ ಮನೆಗೆ ಬಂದವಳು, ಸಂಜೆಯ ಗಾಡಿಗೆ ಊರಿಗೆ ಹೊರಡುವ ಮೊದಲು ಒಮ್ಮೆ ಅದರಲ್ಲಿ ಕೂತೇ ತೀರುವೆನೆಂದು ಹಟ ಹಿಡಿದಳು. ಮೋನಪ್ಪ ಗುರುತಿನವನು, ಹೋಗಿ ಒಂದು ಮಾತು ಹೇಳಿಬರುತ್ತೇನೆ ಅಂದೆ.

"ಪಾಳೀ ಅಂದ್ರ ಪಾಳೀ," ಅಂದಳು. "ಗುರ್ತಿನಾಂವ ಅಂತ ಮಂದೀನ ತುಳಕೊಂಡ ಹೋಗೂದೇನ? ಇಷ್ಟ ಏನ ನೀ ಸಾಲಿ ಕಲ್ತದ್ದು?"

ಸರಿ, ಕಾದೆವು. ನಮ್ಮ ಕಡೆ ಸಾಲಿನಲ್ಲಿ ನಿಲ್ಲುವುದು ಮನುಷ್ಯರಲ್ಲ, ಚಪ್ಪಲಿಗಳು. ಅವನ್ನು ಬಿಸಿಲಿಗೆ ಬಿಟ್ಟು ಒಡೆಯರು ಬೇವಿನ ಮರದ ನೆರಳಿಗೆ ಹೋಗುತ್ತಾರೆ. ಸಾಲು ಸರಿದಾಗ ಯಾರಾದರೂ ಪುಣ್ಯವಂತರು ಕಾಲಿನಿಂದಲೇ ಎಲ್ಲವನ್ನೂ ಮುಂದೆ ತಳ್ಳುತ್ತಾರೆ. ಈ ಪದ್ಧತಿಯಲ್ಲಿ ಒಂದು ದೋಷವುಂಟು. ಒಂದು ಜೊತೆ ಚಪ್ಪಲಿಯ ಹಿಂದೆ ಎಷ್ಟು ಜನರಿದ್ದಾರೆಂಬುದು ಚಪ್ಪಲಿಯನ್ನು ನೋಡಿ ತಿಳಿಯುವುದಿಲ್ಲ. ನಮಗಿಂತ ಎಷ್ಟೋ ಮುಂದಿದ್ದ ಒಂದು ಹರಕು ಜೋಡಿನ ಪಾಳಿ ಬಂದಾಗ ನೆರಳಿನಿಂದ ಏಳು ಜನ ಎದ್ದು ಬಂದರು. ಅವರಲ್ಲಿ ಮೂವರು ಮಡಿಲ ಮಕ್ಕಳು. ಮಡಿಲಲ್ಲಿ ಕೂತ ಮಗು ತೊಟ್ಟಿಲಿನ ಲೆಕ್ಕಕ್ಕೆ ಬರುತ್ತದೆಯೇ, ತಾಯಿಯ ಲೆಕ್ಕಕ್ಕೆ ಬರುತ್ತದೆಯೇ? ಇದನ್ನು ನಾನು ಎರಡೂ ಪಕ್ಷದಲ್ಲಿ ನಿಂತು ವಾದಿಸಬಲ್ಲೆ. ಆ ತಾಯಿ ಅವಕಾಶ ಕೊಡಲಿಲ್ಲ.

ಕಾಯುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಕೆಳಗಿದ್ದವರೆಲ್ಲ "ಸಾಕ ಇಳಸೋ, ಎಷ್ಟ ತಿರಗಸ್ತಿ!" ಎಂದು ಕೂಗುತ್ತಾರೆ. ಅವರೇ ತೊಟ್ಟಿಲಿನಲ್ಲಿ ಕೂತ ಮರುಕ್ಷಣ "ಇನ್ನೊಂದ ಸುತ್ತ ಹಾಕೋ ಮಾರಾಯಾ!" ಎನ್ನುತ್ತಾರೆ. ಮೂರು ವರ್ಷ ಗಂಟಲು ಹರಿದುಕೊಂಡರೂ ಚರ್ಚಾಕೂಟದಲ್ಲಿ ಒಬ್ಬನೂ ಪಕ್ಷ ಬದಲಿಸಿದ್ದನ್ನು ನಾನು ಕಾಣೆ. ಇಲ್ಲಿ ಒಂದು ಮೆಟ್ಟಿಲು ಹತ್ತಿದರೆ ಆಯಿತು. ಅಪ್ಪನ ಕಿಸೆಗಡಿಯಾರ ನನ್ನ ಹತ್ತಿರವಿತ್ತು. ಅದರ ಪ್ರಕಾರ ಕೆಳಗಿನವರ ದೂರೂ ಸುಳ್ಳು, ಮೇಲಿನವರ ದೂರೂ ಸುಳ್ಳು. ಆದರೆ ಗಡಿಯಾರ ಸಾಲಿನಲ್ಲೂ ನಿಂತಿಲ್ಲ, ತೊಟ್ಟಿಲಿನಲ್ಲೂ ಕೂತಿಲ್ಲ, ಅದಕ್ಕೇನು ಗೊತ್ತು?

ನಮ್ಮ ಚಪ್ಪಲಿಗಳು ಇನ್ನೂ ಸಾಲಿನ ನಡುವಿನಲ್ಲಿದ್ದಾಗ ಮೋನಪ್ಪ ಗಾಲಿಯನ್ನು ನಿಲ್ಲಿಸಿ ಎಲ್ಲರನ್ನೂ ಇಳಿಸಿಬಿಟ್ಟ. ಏಣಿ ಹಾಕಿ ಹತ್ತಿದ. ಅಚ್ಚಿಗೆ ಔಡಲೆಣ್ಣೆ ಹೊಯ್ದ. ಆಮೇಲೆ ಒಂದೊಂದು ಬೆಣೆಯನ್ನೂ ಕೊಡತಿಯಿಂದ ತಟ್ಟಿ, ಕಿವಿ ಹಚ್ಚಿ, ವೈದ್ಯ ನಾಡಿ ಹಿಡಿದಂತೆ ಕಣ್ಣು ಮುಚ್ಚಿ ಕೇಳಿದ. ಒಂದು ಬೆಣೆಯ ದನಿ ಮನಸ್ಸಿಗೆ ಬರಲಿಲ್ಲವೋ ಏನೋ, ಕಿತ್ತು ಹೊಸದು ಬಡಿದ. ಹಳೆಯದು ಸೀಳಿತ್ತು. ಇಷ್ಟಾದ ಮೇಲಾದರೂ ಸಾಲು ಸರಿಯಬೇಕಲ್ಲ? ಇಲ್ಲ. ಮೋನಪ್ಪನ ಮುದಿತಾಯಿ ಕಾಳವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದೆ ಬಂದು ತೊಟ್ಟಿಲಲ್ಲಿ ಕೂತಳು. ಎದುರು ತೊಟ್ಟಿಲಿಗೆ ಸರಿತೂಕಕ್ಕೆಂದು ಉಸುಕಿನ ಚೀಲ ಹೇರಿದರು. ಎಣ್ಣೆ ಬಿಟ್ಟಾಗಲೆಲ್ಲ ಮೊದಲು ಮನೆಯವರೊಬ್ಬರು ಕೂತು ತಿರುಗಬೇಕು, ಅನಂತರ ಉಳಿದವರು. ಅದು ಅವರ ಮನೆತನದ ನೇಮವಂತೆ.

ಗಾಡಿಗೆ ಉಳಿದದ್ದು ಮುಕ್ಕಾಲು ತಾಸು. ಅತ್ತೆ ಗಡಿಯಾರವನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದಳು. "ಇರ್ಲಿ ಬಿಡು ತಮ್ಮಾ, ಮುಂದಿನ ವರ್ಷ ನೋಡೂಣು," ಅಂದಳು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಸಾಲಿನ ಮುಂದೆ ಹೋಗಿ, ವೇದಿಕೆ ಸಿಕ್ಕವನಂತೆ ನಿಂತೆ.

"ಮೋನಪ್ಪಾ, ನಿಮ್ಮವ್ವ ಕೂತರ ತೊಟ್ಲಾ ಗಟ್ಟಿ ಐತಿ ಅಂತ ಸಿದ್ಧ ಆಗತೈತೇನ? ಆಗತೈತಿ ಅಂದ್ರ, ಯಾರ ಕೂತರೂ ಆಗಬೇಕು. ಆಗೂದಿಲ್ಲ ಅಂದ್ರ, ಆಕಿ ಕೂಡೂದ ಬ್ಯಾಡ. ಎರಡೂ ಕಡಿಂದ ನೋಡಿದ್ರ, ಈ ಮಂದಿ ಪಾಳಿ ಯಾಕ ಕೆಡಸ್ತಿ?"

ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಳೆಯ ತಾರ್ಕಿಕರು ಅಂದು ಆ ಬಯಲಿನಲ್ಲಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು. ಅವರಿಲ್ಲದಿದ್ದರೂ ಸಾಲಿನವರು ತಟ್ಟಿದರು. "ಖರೇ ಐತ್ರಿ!" "ಹುಡುಗಾ ಬರೋಬರಿ ಹೇಳ್ದಾ!" ಎಂದು ನಾಲ್ಕು ಕಡೆಯಿಂದ ದನಿ ಎದ್ದಿತು. ಮೋನಪ್ಪ ಎಣ್ಣೆಗೈಯನ್ನು ಧೋತರದ ಅಂಚಿಗೆ ಒರೆಸಿಕೊಂಡು ನಕ್ಕ.

"ಖರೇ ಐತ್ರಿ ಸಾಹೇಬ್ರ. ಯಾರ ಕೂತ್ರೂ ಆಗತೈತಿ. ಅವ್ವಾ, ನೀ ಇಳಿ. ಬರ್ರಿ, ನೀವ ಕುಂದರ್ರಿ."

ನಾನು ಗಾಲಿಯ ಕಡೆ ನೋಡಿದೆ. ಕಣ್ಣು ನೇರವಾಗಿ ಆ ಹೊಸ ಬೆಣೆಗೇ ಹೋಯಿತು. ಒಂದು ಬೆಣೆ ಸೀಳಿದ್ದರೆ ಅದರ ವಾರಿಗೆಯ ಉಳಿದವುಗಳ ಗತಿಯೇನು? ಕಿವಿಗೆ ಕೇಳಿಸಿದ್ದೆಲ್ಲ ಪ್ರಮಾಣವೇ? ಮೋನಪ್ಪನ ಕಿವಿ ಮಂದವಾಗಿದ್ದರೆ? ಸಂಶಯವಾದಿಗಳ ಕಷ್ಟ ಇದೇ ನೋಡಿ. ದೇವರನ್ನು ನಂಬದಿದ್ದರೆ ಹೇಗೋ ದಿನ ಹೋಗುತ್ತದೆ. ಬೆಣೆಯನ್ನೂ ನಂಬದಿದ್ದರೆ ತೊಟ್ಟಿಲು ಹತ್ತಲಾಗುವುದಿಲ್ಲ.

"ನಾ ಮಾತಾಡಿದ್ದು ತತ್ತ್ವದ ಮಾತು," ಅಂದೆ. ಅನ್ನುತ್ತಲೇ ಒಂದು ಹೆಜ್ಜೆ ಹಿಂದೆ ಸರಿದೆ.

ಬಯಲೆಲ್ಲ ನಕ್ಕಿತು. "ತತ್ತ್ವಕ್ಕ ಕಾಲ ನಡಗತಾವ ನೋಡ್ರಿ!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಬರಿಗಾಲಲ್ಲಿ ಬಂದಳು. ಸಾಲಿನ ಮುಂದಿದ್ದವರ ಕಡೆ ತಿರುಗಿ, "ನಿಮ್ಮೊಳಗ ಯಾರರ ಮೊದಲ ಕೂಡ್ತೀರೇನ್ರಿ? ಪಾಳೀ ನಿಮ್ದೈತಿ," ಎಂದು ಕೇಳಿದಳು. ಇಷ್ಟು ಹೊತ್ತು ಖರೇ ಐತಿ ಎಂದವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಹುಡುಕತೊಡಗಿದರು. "ಹಂಗಾರ ನಾ ಕೂಡ್ತೀನಿ."

ಮೋನಪ್ಪ ಗುರುತು ಹಿಡಿದ. "ಅಯ್ಯ, ಗಂಗಕ್ಕಾರ! ಅಂಜಿಕಿ ಇಲ್ಲೇನ್ರಿ ನಿಮಗ?"

"ಯಾತರ ಅಂಜಿಕಿ? ಮಳಿಗಾಲ ಪೂರಾ ನೀ ಇದಕ ಎಣ್ಣಿ ತಿಕ್ಕೂದು ನಮ್ಮ ಕಟ್ಟಿಮ್ಯಾಲ ಕೂತ ನೋಡ್ತೀನಿ. ನನ್ನ ಸೊಸಿ ಒಂದಿನರ ನನ್ನ ತಲಿಗೆ ಹಂಗ ತಿಕ್ಕಿಲ್ಲ."

ನೋಡಿ, ನನ್ನ ತರ್ಕದಲ್ಲಿ ಇಲ್ಲದಿದ್ದುದು ಇದೇ. ಒಂದು ಸುತ್ತು ಕೂತರೆ ಏನೂ ಸಿದ್ಧವಾಗುವುದಿಲ್ಲವೆಂದು ನಾನು ತೋರಿಸಿದ್ದೆ. ನಾಲ್ಕು ತಿಂಗಳು ಎಣ್ಣೆ ತಿಕ್ಕಿದ್ದನ್ನು ಕಂಡರೆ ಏನು ಸಿದ್ಧವಾಗುತ್ತದೆಂದು ನನ್ನನ್ನು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಕಾಳವ್ವ ಉಸುಕಿನ ಚೀಲವನ್ನು ಇಳಿಸಹೇಳಿದಳು. "ಓಣ್ಯಾಗಿನಾಕಿ ಎದುರಿಗೆ ಉಸುಕ ಇಡತೀಯೇನ ಹುಚ್ಚಾ? ನಾನ ಕೂಡ್ತೀನಿ." ಹೀಗೆ ನೇಮವೂ ಉಳಿಯಿತು. ಗಾಲಿ ತಿರುಗಿತು. ಅತ್ತೆ ಮೇಲೆ ಹೋದಾಗ ಕಾಳವ್ವ ಕೆಳಗೆ, ಕಾಳವ್ವ ಮೇಲೆ ಹೋದಾಗ ಅತ್ತೆ ಕೆಳಗೆ. ನಡುವೆ ಅಡ್ಡ ಹಾಯುವಾಗಲೆಲ್ಲ ಇಬ್ಬರೂ ಓಣಿಯ ಸುದ್ದಿಯ ಒಂದೊಂದು ತುಣುಕನ್ನು ಕೂಗಿ ಹೇಳುತ್ತಿದ್ದರು. ಆ ಸುದ್ದಿ ಮುಗಿಯುವತನಕ ಮೋನಪ್ಪ ಗಾಲಿಯನ್ನು ನಿಲ್ಲಿಸಲಿಲ್ಲ. ವಿಚಿತ್ರವೆಂದರೆ, ಕೆಳಗಿದ್ದ ಒಬ್ಬರೂ "ಸಾಕ ಇಳಸೋ" ಎನ್ನಲಿಲ್ಲ.

ಟಾಂಗಾ ಓಡಿಸಿಕೊಂಡು ಟೇಸನ್ ಮುಟ್ಟಿದಾಗ ಗಾಡಿ ಬಂದು ನಿಂತಿತ್ತು. ಅತ್ತೆಯನ್ನು ಹತ್ತಿಸಿ, ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟು, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹೇಳಿಬಿಟ್ಟೆ: "ಅತ್ತೀ, ನಾ ಅಂಜಿಬಿಟ್ನೆಲ್ಲಾ."

ಅತ್ತೆಯ ಮುಖದಲ್ಲಿ ತೊಟ್ಟಿಲಿನ ಗಾಳಿ ಇನ್ನೂ ಇಳಿದಿರಲಿಲ್ಲ. "ಅಂಜಿದ್ದ ಛಲೋ ಆತು ಬಿಡೋ," ಅಂದಳು. "ನಿನ್ನ ಮಾತ ಕೇಳಿ ನನಗ ಪಾಳೀ ಸಿಕ್ಕಿದ್ದಿಲ್ಲ, ನೀ ಅಂಜಿದ್ದಕ್ಕ ಸಿಕ್ತು."

ಗಾಡಿ ಹೊರಟಿತು. ಆಕೆಯ ಮಾತಿನಲ್ಲಿ ತಪ್ಪು ಹುಡುಕುತ್ತ ಪ್ಲಾಟ್‌ಫಾರ್ಮಿನ ಕೊನೆಯತನಕ ನಡೆದೆ. ಸಿಗಲಿಲ್ಲ. ಸಿಗದಿದ್ದುದಕ್ಕೆ ಅಷ್ಟೇನೂ ಬೇಸರವಾಗಲಿಲ್ಲವೆಂಬುದನ್ನು ನಮ್ಮ ಚರ್ಚಾಕೂಟದವರಿಗೆ ಮಾತ್ರ ದಯವಿಟ್ಟು ಹೇಳಬೇಡಿ.